ಉಪ್ಪುನೀರಾಗ ಹುಲ್ಲು ಹುಟ್ಟಿಸಿದ್ದು

ನಗಬಾರದ ಕಡೆಯೇ ನಗು ಬರುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಹುಲ್ಲಿನ ಬೀಜ ಎಣಿಸುವ ನೌಕರಿಗೆ ಸೇರಿದ ಮೇಲೆ. ಕಾಲುವೆ ಬಂದು ಶಹಾಪುರದ ಕಡೆ ಭತ್ತವೇನೋ ಬಂತು, ಜೊತೆಗೆ ತಗ್ಗಿನ ನೆಲಕ್ಕೆಲ್ಲ ಉಪ್ಪಿನ ಸವಳೂ ಏರಿತು. ಕಾಲುವೆ ದಂಡೆಯ ಸರಕಾರಿ ಬಂಗಲೆ ಮುಂದೆ ಎಷ್ಟು ಸಲ ಲಾನ್ ಹಾಕಿದರೂ ಉಪ್ಪಿಗೆ ಬೀಜವೇ ಮೊಳೆಯದು. ಯಾವ ಜಾತಿಯ ಹುಲ್ಲು ಈ ಉಪ್ಪು ತಡೆದುಕೊಂಡು ಮೊಳೆಯುತ್ತದೆ ನೋಡಿರಿ ಎಂದು ಮೇಲಿನಿಂದ ಹುಕುಂ ಬಂತು. ನೋಡಬೇಕಾದವರು ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಸಾಹೇಬರು. ಸಗರದವನಾದ ನಾನು ಅವರ ಸಹಾಯಕ.

೧. ಕರಕಿ

ಗರಿಕೆಯೂ ಲಾನಿನ ಹುಲ್ಲೇ. ನಮ್ಮಲ್ಲಿ ಅದು ಕರಕಿ, ರೈತನ ಹುಟ್ಟುವೈರಿ. ಸವಳು ಹೊಲದ ಕರಕಿ ಬೀಜ ಬೇಕೆಂದು ಕೊಂಕಲ್‌ನ ಒಬ್ಬ ರೈತನ ಮನೆಗೆ ಹೋದೆ. ಆತ ಚಹಾ ಕೊಟ್ಟು ಎಲ್ಲ ಕೇಳಿದ. ಇದಕ್ಕೆ ಪಗಾರ ಕೊಡುತ್ತಾರೇನು ಎಂದು ವಿಚಾರಿಸಿದ. ಹೌದು ಎಂದೆ. ಕೂಡಲೇ ಒಳಗಿದ್ದ ಹೆಂಡತಿಯನ್ನು ಕರೆದ.

“ಹೊಲದಾಗ ಕರಕಿ ಬೆಳಸ್ಯಾನ ಅಂತ ಹತ್ತು ವರ್ಷದಿಂದ ನನ್ನ ಬೈಯಾಕತ್ತಿದಿ. ಇಲ್ನೋಡು, ಅದು ಸರಕಾರಿ ಕೆಲಸ ಅಂತ.”

೨. ಗಾದಿ

ಇನ್ನೊಂದು ಜಾತಿಯ ಬೀಜ ಗುರುಮಠಕಲ್‌ನ ವ್ಯಾಪಾರಿ ಕಳಿಸಬೇಕಿತ್ತು. ತೆಲುಗಿನವ. ಫೋನಿನಲ್ಲಿ ‘ಗಡ್ಡಿ’ಯನ್ನು ಬಸ್ಸಿಗೆ ಹಾಕಿದ್ದೇನೆ ಎಂದ. ತೆಲುಗಿನಲ್ಲಿ ಗಡ್ಡಿ ಎಂದರೆ ಹುಲ್ಲು ಎಂಬುದು ನನಗೇನು ಗೊತ್ತು? ಗೊರಗೊರ ಫೋನಿನಲ್ಲಿ ನನಗೆ ಕೇಳಿಸಿದ್ದು ಗಾದಿ. ಬೀಜದ ಜೊತೆಗೆ ಸಾಹೇಬರು ಮಲಗಲು ಅದನ್ನೂ ತರಿಸಿರಬೇಕು ಎಂದುಕೊಂಡು ಇಬ್ಬರು ಆಳು, ಒಂದು ಕೈಗಾಡಿ, ಹಗ್ಗ ಎಲ್ಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸು ಬಂತು. ಕಂಡಕ್ಟರ್ ಕಿಸೆಯಿಂದ ಎಲೆಅಡಿಕೆ ಚೀಲದಷ್ಟು ಒಂದು ಪೊಟ್ಟಣ ತೆಗೆದು ಕೈಗಿಟ್ಟ. ಹಗ್ಗ ಹಿಡಿದಿದ್ದ ಆಳು ಅದನ್ನು ತಿರುವಿ ತಿರುವಿ ನೋಡಿದ.

“ಇದರ ಮ್ಯಾಲ ಸಾಹೇಬ್ರು ಹೆಂಗ ಮಲಗ್ತಾರ್ರಿ?”

“ಮೊದಲ ಬಿತ್ತಬೇಕೋ,” ಅಂದೆ.

೩. ಕೊನೆಯ ಸಾಲು

ಗಾಜಿನ ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ ಬೀಜ ಇಟ್ಟೆವು. ಮೊದಲ ಸಾಲಿಗೆ ಸಿಹಿನೀರು, ಮುಂದಿನ ಸಾಲುಗಳಿಗೆ ಹೆಚ್ಚು ಹೆಚ್ಚು ಉಪ್ಪು, ಕೊನೆಯದಕ್ಕಂತೂ ಬಾಯಿಗೆ ಹಾಕಲಾಗದಷ್ಟು. ಎರಡು ವಾರ ಕಳೆದು ನೋಡಿದರೆ ನಡುವಿನ ಸಾಲುಗಳು ಸತ್ತುಬಿದ್ದಿದ್ದವು; ಕೊನೆಯ ಸಾಲು ಮಾತ್ರ ಸಿಹಿನೀರಿನ ಸಾಲಿನಂತೆಯೇ ಹಸಿರು ಹಸಿರು. ಸಾಹೇಬರು ನನ್ನನ್ನು ತಬ್ಬಿಕೊಂಡರು. ಈ ಹುಲ್ಲು ತಮ್ಮ ಹೆಸರು ಉಳಿಸುತ್ತದೆ ಎಂದು ಸುರಪುರಕ್ಕೆ ಬಂದಿದ್ದ ದೊಡ್ಡ ಸಾಹೇಬರಿಗೆ ಅಂದೇ ಹೇಳಿಕಳಿಸಿದರು.

ದೊಡ್ಡ ಸಾಹೇಬರು ಜೀಪಿಳಿದು ಬಂದು, ಬಗ್ಗಿ ನೋಡಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಇನ್ನೊಮ್ಮೆ ಅದ್ದಿದರು. ಆಮೇಲೆ ನೀರು ಸಿಹಿ ಇದೆಯಲ್ಲ ಎಂದರು.

ಸಾಹೇಬರ ಮುಖ ಬಿಳಿಚಿತು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಮುದುಕಿ ತಾನೇ ಮುಂದೆ ಬಂದಳು. ಕೊನೆಯ ಸಾಲಿಗೇ ಎಲ್ಲಕ್ಕಿಂತ ಹೆಚ್ಚು ಉಪ್ಪು ಹಾಕಿದ್ದು ಕಂಡು, ಆ ನೀರು ಚೆಲ್ಲಿ ದಿನಾ ತನ್ನ ಕೊಡದ ನೀರು ಹಾಕಿದ್ದಾಗಿ ಹೇಳಿದಳು. ನಮ್ಮ ಎರಡು ವಾರದ ಕೆಲಸ ಅಕ್ಷರಶಃ ನೀರುಪಾಲಾಗಿತ್ತು. ದೊಡ್ಡ ಸಾಹೇಬರು ನಗು ತಡೆದುಕೊಂಡು, ಹಾಗೇಕೆ ಮಾಡಿದೆ ಎಂದು ಕೇಳಿದರು.

ಮುದುಕಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಉಪ್ಪ ತಿಂದವ್ರು ನೀರ ಕುಡಿಬೇಕಲ್ರಿ?” ಅಂದಳು.