ಬೆಳೆಯದ ಹುಲ್ಲಿಗೊಂದು ಬಿನ್ನಹ

ಆರಂತಸ್ತಿನ ಕಚೇರಿ ಕಟ್ಟಡದ ಮುಂದೆ ಮಳೆಗೆ ಹಿಗ್ಗದೆ ಬಿಸಿಲಿಗೆ ಬಾಡದೆ ಪವಡಿಸಿರುವ ಶ್ರೀಮತ್ ಪ್ಲಾಸ್ಟಿಕ್ ಹುಲ್ಲುಹಾಸಿನ ದಿವ್ಯ ಸನ್ನಿಧಾನಕ್ಕೆ, ಹುಲ್ಲು ಕತ್ತರಿಸಿ ಹೊಟ್ಟೆ ಹೊರೆಯಲು ಹೊರಟಿರುವ ಅಕ್ಕ, ಭಾವ ಮತ್ತು ಅವರ ಪ್ರಚಾರ ವಿಭಾಗದ ಏಕಮಾತ್ರ ಸದಸ್ಯನಾದ ನಾನು, ಮೂವರೂ ನಡು ಬಗ್ಗಿಸಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳಬೇಕಾಗಿಲ್ಲ, ತಮಗೆ ಏನಾದರೂ ಆಗಲು ಸಾಧ್ಯವೇ ಇಲ್ಲ. ನಮ್ಮ ದೂರೂ ಅದೇ. ಅಕ್ಕ ಬ್ಯಾಂಕಿನ ಕೆಲಸ ಬಿಟ್ಟು ಈ ಉದ್ಯಮ ಶುರುಮಾಡಿದಾಗ ಮನೆಗಳ ಮುಂದಿನ ಅಂಗೈಯಗಲದ ಹುಲ್ಲಷ್ಟೇ ಸಿಕ್ಕಿತು, ಆ ಮನೆಯವರೋ, ಯಂತ್ರ ಗೇಟು ದಾಟುವ ಮೊದಲೇ "ಮುಗೀತಾ?" ಎಂದು ಕೇಳುವವರು. ಈ ಮಳೆಗಾಲ ಕಳೆಯುವುದರೊಳಗೆ ಒಂದಾದರೂ ಕಚೇರಿಯೋ ಹೋಟೆಲೋ ಗಿರಾಕಿಯಾಗದಿದ್ದರೆ ಯಂತ್ರ ಮಾರಿ ಮತ್ತೆ ಬ್ಯಾಂಕಿನ ಗಾಜಿನ ಹಿಂದೆ ಕೂರುತ್ತೇನೆಂದು ಅಕ್ಕ ಊಟದ ಮಧ್ಯೆ ಘೋಷಿಸಿದಾಗ, ಭಾವನ ಕೈಯ ತುತ್ತು ಬಾಯಿಯ ದಾರಿ ಮರೆಯಿತು. ಅಂಥ ಸಂಕಟಕಾಲದಲ್ಲಿ ನಮ್ಮ ಕಣ್ಣಿಗೆ ಬಿದ್ದವರು ತಾವು.

ರಸ್ತೆಯಾಚೆಯಿಂದ ತಮ್ಮ ಮಟ್ಟಸವನ್ನೂ ಬಣ್ಣವನ್ನೂ, ಒಂದು ಎಸಳು ಇನ್ನೊಂದರ ತಲೆ ಮೇಲೆ ಹತ್ತದ ಆ ಶಿಸ್ತನ್ನೂ ಕಂಡು, ಯಾರೋ ಪಳಗಿದ ಕೈಯವನು ನಮಗಿಂತ ಮುಂಚೆ ಇಲ್ಲಿ ತಳವೂರಿದ್ದಾನೆಂದು ಭಾವ ನಿಟ್ಟುಸಿರಿಟ್ಟರು. "ನೋಡಿ ಕಲ್ತ್ಕೊಳ್ರೀ, ನೀವು ಕತ್ತರಿಸಿದ್ದು ಇಲಿ ಕಡಿದ ಹಾಗಿರತ್ತೆ" ಎಂದು ಅಕ್ಕ ಆ ಕಾಣದ ಪ್ರತಿಸ್ಪರ್ಧಿಯನ್ನು ದಿನಾ ಹೊಗಳಿದಳು. ಪಾಪ, ಭಾವ ಹೊಟ್ಟೆಕಿಚ್ಚುಪಟ್ಟು ಸೊರಗಿದ್ದು ಒಂದು ಕಾರ್ಖಾನೆಯ ಮೇಲೆ ಎಂಬುದು ಆಗ ಯಾರಿಗೆ ಗೊತ್ತಿತ್ತು.

ನಮ್ಮಲ್ಲಿ ಗಿರಾಕಿ ಹಿಡಿಯುವ ಒಂದು ಪದ್ಧತಿಯುಂಟು: ರಜಾದಿನ ಹೋಗಿ ಅರ್ಧ ಹುಲ್ಲನ್ನು ಬಿಟ್ಟಿಯಾಗಿ ಪಟ್ಟೆಪಟ್ಟೆಯಾಗಿ ಕತ್ತರಿಸಿ, ಇನ್ನರ್ಧ ಹಾಗೇ ಬಿಟ್ಟು ಬರುವುದು, ಅರೆಬರೆ ಕ್ಷೌರವಾದ ತಲೆಯಂಥ ಆ ಅಂಗಳವನ್ನು ನೋಡಲಾರದೆ ಮಾಲೀಕರೇ ಓಡಿಬರುತ್ತಾರೆ. ಅಂತೆಯೇ ಆ ಪ್ರತಿಸ್ಪರ್ಧಿಯಿಂದ ತಮ್ಮನ್ನು ಕಸಿದುಕೊಳ್ಳಲು ಒಂದು ಭಾನುವಾರ ಕಾವಲುಗಾರರ ಒಪ್ಪಿಗೆ ಪಡೆದು, ನೆಗಡಿಯಿಂದ ಮೂಗು ಕಟ್ಟಿದ್ದ ಭಾವ ಯಂತ್ರವೇರಿ ತಮ್ಮ ಮೈಮೇಲೆ ಸವಾರಿ ಹೊರಟರು. ಬಕೆಟ್ ಸುಟ್ಟಂಥ ವಾಸನೆ ನನಗೆ ಬಂದದ್ದು ನಿಜ, ಯಂತ್ರಕ್ಕೆ ವಯಸ್ಸಾಯಿತೆಂದುಕೊಂಡೆ. ಅದು ಕೆಮ್ಮಿ ನಿಂತಾಗ ಹಿಂದೆ ನೋಡಿದರೆ ತಮ್ಮ ನೆತ್ತಿಯ ಉದ್ದಕ್ಕೂ ಒಂದು ಕಪ್ಪು ಬೈತಲೆ, ನಡುವೆ ನೆಲ ಕಾಣುವಷ್ಟು ಸೀಳು. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಕಾವಲುಗಾರರು, "ಅಷ್ಟು ದೊಡ್ಡ ಯಂತ್ರ ತಂದೋರಿಗೆ ಹುಲ್ಲು ಯಾವ್ದು ಅಂತ ನಾನು ಹೇಳ್ಕೊಡ್ಬೇಕಾ ಸ್ವಾಮಿ" ಎಂದು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು.

ಮರುದಿನ ಕಟ್ಟಡದ ಮ್ಯಾನೇಜರ್ ಸಾಹೇಬರು ಮೂವರನ್ನೂ ಕರೆಸಿದರು. ಭಾವ ನೆಲ ನೋಡಿದರು, ನಾನು ಫ್ಯಾನು ನೋಡಿದೆ, ಅಕ್ಕ ಮಾತ್ರ ಸಾಹೇಬರನ್ನೇ ನೋಡುತ್ತ, "ಕಿತ್ತಿದ್ದು ನಮ್ಮ ತಪ್ಪು ಸರ್, ಆದ್ರೆ ಉಳಿದದ್ದನ್ನ ಒಂದ್ಸಲ ಬಗ್ಗಿ ನೋಡಿದ್ದೀರಾ? ಪಾರಿವಾಳದ ಹಿಕ್ಕೆ, ಬಾಟಲಿ ಮುಚ್ಚಳ, ಯಾರೋ ಉಗಿದ ಚೂಯಿಂಗ್ ಗಮ್ಮು. ನಿಮ್ಮ ಹತ್ರ ಬರೋರು ಮೊದ್ಲು ತುಳಿಯೋದು ಇದನ್ನೇ" ಎಂದಳು. ಸಾಹೇಬರು ಕೆಳಗಿಳಿದು ಬಗ್ಗಿ ನೋಡಿದರು, ಕಾಲೆತ್ತಿ ಬೂಟಿನ ಅಡಿಯನ್ನೂ ನೋಡಿಕೊಂಡರು. ಕೊನೆಗೆ "ಕೆಡಿಸಿದೋರೇ ತೊಳೀರಿ, ವರ್ಷಪೂರ್ತಿ" ಎಂದು, ಸಂಬಳ ಸಹಿತವಾದ ಆ ಶಿಕ್ಷೆಯನ್ನು ನಮಗೆ ದಯಪಾಲಿಸಿದರು.

ಹೀಗೆ ಹುಲ್ಲು ಕತ್ತರಿಸುವ ಸಂಸ್ಥೆಗೆ ಸಿಕ್ಕಿದ ಮೊಟ್ಟಮೊದಲ ಕಚೇರಿ ಗಿರಾಕಿಯ ಹುಲ್ಲು, ಕತ್ತರಿಸಲೇಬಾರದ ಹುಲ್ಲು. ಯಂತ್ರ ಉಳಿಯಿತು, ಅಕ್ಕನೂ ಉಳಿದಳು; ಭಾವ ತಮಗೆ ಸ್ನಾನ ಮಾಡಿಸುತ್ತಾರೆ, ನಾನು ಗಡಸು ಪೊರಕೆಯಿಂದ ತಮ್ಮ ತಲೆ ಬಾಚುತ್ತೇನೆ. ನೀರಡಿಕೆಯೆನ್ನದ, ಗೊಬ್ಬರವೆನ್ನದ, ಎದುರಾಡದ ತಮ್ಮ ಗುಣವನ್ನು ಕೇಳಿದಾಗಿನಿಂದ ನಮ್ಮಮ್ಮ ಇಂಥ ಅಳಿಯ ಸಿಗಬಾರದಿತ್ತೇ ಎಂಬಂತೆ ಭಾವನ ಕಡೆ ನೋಡುತ್ತಿದ್ದಾಳೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಭಾವನ ಮಾನ ಉಳಿಯುವಷ್ಟು, ತಿಂಗಳಿಗೆ ಒಂದು ಬೆರಳಾದರೂ ಬೆಳೆಯಬೇಕು; ಅದಾಗದಿದ್ದರೆ ಅಲ್ಲಲ್ಲಿ ಕೊಂಚ ಹಳದಿಯಾಗಬೇಕು; ಅದೂ ಘನತೆಗೆ ಕುಂದೆನಿಸಿದರೆ ಗಾಳಿ ಬಂದಾಗ ಕಾಟಾಚಾರಕ್ಕಾದರೂ ತಲೆದೂಗಬೇಕು. ಉತ್ತರಿಸಲು ಸಂಕೋಚವಾದರೆ ಸುಮ್ಮನಿರಿ, ಒಪ್ಪಿಗೆಯೆಂದೇ ತಿಳಿಯುತ್ತೇವೆ.

ತಮ್ಮ ಎಸಳೆಸಳಿನ ವಿಶ್ವಾಸಿ,
ಪೊರಕೆ ಹಿಡಿದ ಪ್ರಚಾರ ವಿಭಾಗ

ತಾ.ಕ.: ತಮ್ಮ ಸೀಳಿನಲ್ಲಿ ನಿನ್ನೆ ನಿಜವಾದ ಹುಲ್ಲೊಂದು ಹೇಳದೆ ಕೇಳದೆ ತಲೆಯೆತ್ತಿದೆ. ಕಿತ್ತುಹಾಕಿ ಎಂದು ಸಾಹೇಬರ ಅಪ್ಪಣೆ, ಆಗಲಿ ಸರ್ ಎಂದು ಅಕ್ಕನ ಉತ್ತರ. ಭಾವ ಮಾತ್ರ ಬಕೆಟ್ಟನ್ನು ಆ ಕಡೆಗೇ ಹೆಚ್ಚು ಬಗ್ಗಿಸುತ್ತಿದ್ದಾರೆ, ಯಂತ್ರದ ಅಲಗನ್ನೂ ಮಸೆದಿಟ್ಟಿದ್ದಾರೆ. ಬೆಳೆಯುವುದು ತಮ್ಮ ಕೈಲಾಗದಿದ್ದರೆ ಬೇಡ, ಸ್ವಲ್ಪ ಸರಿದು ಜಾಗ ಬಿಟ್ಟರೂ ಸಾಕು.