ಇಪ್ಪತ್ತು ವರ್ಷ ಗಾಡಿ ಓಡಿಸಿದವ ಗಾಡಿ ಕಲಿಯಲು ಹೊರಟದ್ದು

ಬೇರೆಯವರು ಒಂದು ಕೆಲಸಕ್ಕೆಂದು ಹೊರಟರೆ ಕೆಲಸ ಮುಗಿಸಿಕೊಂಡು ಮನೆಗೆ ಬರುತ್ತಾರೆ. ನಾನು ಹೊರಟರೆ ಕೆಲಸ ಅಲ್ಲೇ ಉಳಿಯುತ್ತದೆ, ಊರು ನಗುವಂಥದ್ದೊಂದು ಮಾತ್ರ ನನ್ನ ಹಿಂದೆ ಮನೆತನಕ ಬರುತ್ತದೆ. ಹಣೆಬರಹ ಎಂದು ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ಸಿಟ್ಟು ಬರುತ್ತದೆ. ಸಿಟ್ಟು ಬಂದಷ್ಟೂ ಜನ ಹೆಚ್ಚು ನಗುತ್ತಾರೆ.

ನಾನು ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್. ಯಾರ ಹೊಲದ ಕಬ್ಬು ಹೇಗಿದೆ, ಯಾರದು ಯಾವಾಗ ಕಡಿಯಬೇಕು ಎಂದು ನೋಡುತ್ತ ಕೊಣ್ಣೂರಿನ ಸುತ್ತಮುತ್ತ ದಿನವಿಡೀ ಮೋಟರ್‌ಸೈಕಲ್ ಮೇಲೆ ತಿರುಗುವವನು. ಇಪ್ಪತ್ತು ವರ್ಷದಲ್ಲಿ ಚಪ್ಪಲಿ ಸವೆಸಿದ್ದು ಕಡಿಮೆ, ಟೈರ್ ಸವೆಸಿದ್ದೇ ಹೆಚ್ಚು. ಇಂಥವನಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ಹೇಗಾಗಬೇಡ? ಅಂದದ್ದು ಹೆಂಡತಿ.

೧. ರವದಿ

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳ ಮೇಲೆ ಡಾಂಬರು ಕಾಣುವುದಿಲ್ಲ, ರವದಿ ಕಾಣುತ್ತದೆ. ರವದಿ ಎಂದರೆ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಒಣ ಸೋಗೆ. ಅದರ ಮೇಲೆ ಬೆಳಗಿನ ಇಬ್ಬನಿ ಬಿದ್ದರೆ ಎಣ್ಣೆ ಸುರಿದಂತೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಆ ದಿನ ತಿರುವಿನಲ್ಲಿ ಬ್ರೇಕ್ ಹಾಕಿದೆ. ಗಾಡಿ ಒಂದು ಕಡೆ ಮಲಗಿತು, ನಾನು ಒಂದು ಕಡೆ ಮಲಗಿದೆ. ಹಿಂದೆ ಕುಳಿತಿದ್ದ ಹೆಂಡತಿ ಮಾತ್ರ ಬುತ್ತಿ ಡಬ್ಬಿ ಎದೆಗವಚಿಕೊಂಡು ರವದಿಯ ಗುಡ್ಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ದೇವರು ದೊಡ್ಡವನು.

ಅವಳು ಪಕ್ಕದೂರಿನ ಖಾಸಗಿ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟೇ ನಾನು ಹೊಲಗಳ ಕಡೆ ಹೋಗುವುದು. ಆ ದಿನ ಸೀರೆಗೆ ಹತ್ತಿದ ಸೋಗೆ ಕೊಡವಿಕೊಳ್ಳುತ್ತ ಎದ್ದು ನಿಂತು, ಪಾಠ ಒಪ್ಪಿಸದ ಹುಡುಗನಿಗೆ ಹೇಳುವಂತೆ ನಿಧಾನಕ್ಕೆ ಹೇಳಿದಳು: "ರೀ, ನಿಮಗ ಗಾಡಿ ಓಡಸಾಕ ಯಾರೂ ಕಲಿಸೇ ಇಲ್ಲ. ನೀವ ನೀವ ಕಲತೀರಿ. ಯಾರರ ಒಬ್ಬ ಮಾಸ್ತರ ಕಡೆ ಸರಿಯಾಗಿ ಕಲತು ಬರ್ರಿ. ಅಲ್ಲೀತನಕ ನಾ ನಿಮ್ಮ ಹಿಂದ ಕುಂಡ್ರೂದಿಲ್ಲ."

ಅಷ್ಟು ಹೇಳಿ ಹಿಂದೆ ಬಂದ ಟಂಟಂ ಆಟೋ ಹತ್ತಿ ಹೋದಳು. ಮರುದಿನವೂ ಟಂಟಂ, ಅದರ ಮರುದಿನವೂ ಟಂಟಂ. ನಮ್ಮಂಥ ಊರಿನಲ್ಲಿ ಗಂಡನ ಗಾಡಿ ಖಾಲಿ ಹೋಗಿ, ಅದರ ಹಿಂದೆ ಹೆಂಡತಿ ಟಂಟಂನಲ್ಲಿ ಹೋದರೆ ಜನ ಕಬ್ಬಿನ ವಿಷಯ ಬಿಟ್ಟು ಇದನ್ನೇ ಮಾತಾಡುತ್ತಾರೆ. ನನಗಂತೂ ಬೆನ್ನ ಹಿಂದೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು, ಖರೇ ಹೇಳುತ್ತೇನೆ. ವಾರದೊಳಗೆ ನಮ್ಮ ಓಣಿಯ ಹಿರಿಯರೊಬ್ಬರು ಮನೆಗೇ ಬಂದು, ಚಹಾ ಕುಡಿದು, ದನಿ ಇಳಿಸಿ ಕೇಳಿದರು.

"ಸಾಹೇಬ್ರ, ಪಂಚರನ್ನ ಕೂಡಸಬೇಕೇನು?"

೨. ಒಂಬತ್ತು

ಆಗಲಿ, ಕಲಿತೇಬಿಡೋಣ ಎಂದು ಗೋಕಾಕಿನ ಒಂದು ಡ್ರೈವಿಂಗ್ ಸ್ಕೂಲಿಗೆ ಹೋದೆ. ಮೇಜಿನ ಹಿಂದೆ ಕುಳಿತಿದ್ದ ಮಾಲೀಕರು ನನ್ನ ಬಿಳಿಗೂದಲು ನೋಡಿ, "ಮಗನಿಗೇನ್ರಿ?" ಎಂದರು.

"ಇಲ್ರಿ, ನನಗ."

"ಲೈಸೆನ್ಸ್?"

"ಐತ್ರಿ."

"ರಿನ್ಯೂವಲ್ ಏನು?"

"ಅಲ್ರಿ. ಗಾಡಿ ಓಡಸಾಕ ಬರತೈತಿ. ಇನ್ನೂ ಚಲೋ ಓಡಸೂದು ಕಲೀಬೇಕಾಗೈತಿ."

ಅವರ ಮುಖದ ಬಣ್ಣವೇ ಬದಲಾಯಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಒಂದು ಚಹಾ ತರಿಸಿದರು. ಅದು ಮುಗಿಯುವುದರೊಳಗೆ ಇನ್ನೊಂದು ತರಿಸಿದರು. ಗೋಡೆಯ ಮೇಲಿದ್ದ ಸರ್ಟಿಫಿಕೇಟುಗಳನ್ನೆಲ್ಲ ಒಂದೊಂದಾಗಿ ತೋರಿಸಿ, "ಎಲ್ಲಾ ಕಾಯ್ದೆಶೀರ್ ಐತ್ರಿ ಸರ್, ನೀವು ಯಾವ ಆಫೀಸಿಂದ ಬಂದೀರಿ ಅಂತ ಮೊದಲ ಹೇಳಿದ್ರ ಚಲೋ ಆಗತಿತ್ತು," ಎಂದರು. ನಾನು ತಪಾಸಣೆಗೆ ಬಂದವನಲ್ಲ, ರವದಿಯಲ್ಲಿ ಬಿದ್ದವನು ಎಂದು ನಂಬಿಸುವಷ್ಟರಲ್ಲಿ ಅರ್ಧ ತಾಸು ಹೋಯಿತು. ನಂಬಿದ ಮೇಲೆ ಅವರಿಗೆ ನನ್ನ ಮೇಲಿದ್ದ ಮರ್ಯಾದೆಯೂ ಹೋಯಿತು.

"ಎಂಟು ಹಾಕಾಕ ಬರತೈತೇನು?"

ಲೈಸೆನ್ಸ್ ಪರೀಕ್ಷೆಯಲ್ಲಿ ಕಾಲು ಊರದೆ ನೆಲದ ಮೇಲೆ ಎಂಟಂಕಿಯಂತೆ ಗಾಡಿ ತಿರುಗಿಸುತ್ತಾರಲ್ಲ, ಅದು. "ಬರತೈತಿ," ಎಂದೆ.

"ಮತ್ತ ಇನ್ನೇನು, ಒಂಬತ್ತು ಹಾಕಾವರೇನು?"

೩. ಮುಂದಿನ ಗಾಲಿ

ಮೂಡಲಗಿಯಲ್ಲಿ ಒಬ್ಬರು ಮುಂದುವರಿದ ಮಟ್ಟದ ಟ್ರೇನಿಂಗ್ ಕೊಡುತ್ತಾರೆ ಎಂದು ಟ್ರ್ಯಾಕ್ಟರ್ ಗ್ಯಾರೇಜಿನವನು ಹೇಳಿದ. ರಜೆ ಹಾಕಿ ಹೋದೆ. ಊರ ಹೊರಗಿನ ಮೈದಾನದಲ್ಲಿ ಮೂವತ್ತರ ಆಸುಪಾಸಿನ ಗಡ್ಡದ ಗುರುಗಳು ಸಿಕ್ಕರು. ಅವರ ಗಾಡಿಗೆ ಕನ್ನಡಿ ಇರಲಿಲ್ಲ, ಸೈಲೆನ್ಸರ್ ಇದ್ದೂ ಇರಲಿಲ್ಲ. ನಾನು ನಮಸ್ಕಾರ ಮಾಡಿದೆ. ಅವರು ಗಾಡಿ ಚಾಲೂ ಮಾಡಿ, ಮುಂದಿನ ಗಾಲಿಯನ್ನು ಆಕಾಶಕ್ಕೆ ಎತ್ತಿ, ಮೈದಾನದ ಆ ಕೊನೆಯವರೆಗೆ ಒಂದೇ ಗಾಲಿಯ ಮೇಲೆ ಹೋಗಿ ತಿರುಗಿ ಬಂದರು.

"ಮೂರ ದಿನದಾಗ ನಿಮಗೂ ಕಲಸ್ತೇನಿ ಕಾಕಾ."

"ತಮ್ಮಾ, ನನಗ ಎರಡೂ ಗಾಲಿ ನೆಲದ ಮ್ಯಾಲ ಇಟಗೊಂಡ ಹೋಗೂದು ಕಲೀಬೇಕಾಗೈತಿ."

"ಅದು ಎಲ್ಲಾರಿಗೂ ಬರತೈತಿ!"

"ನನಗ ಬರೂದಿಲ್ಲಂತ. ಮನ್ಯಾಗ ಹೇಳ್ಯಾರ."

ಗುರುಗಳು ಮರುಕದಿಂದ ನನ್ನ ಹೆಗಲ ಮೇಲೆ ಕೈ ಇಟ್ಟರು. "ಕಾಕಾ, ನಮ್ಮ ಮನ್ಯಾಗೂ ಹಂಗ ಅಂತಾರ. ಮನಸಿಗೆ ಹಚಗೋಬ್ಯಾಡ್ರಿ."

೪. ಹಿಂದಿನ ಗಾಡಿ ಖಾಲಿ ಬರುತ್ತಿದೆ

ಈ ಸುದ್ದಿ ಹುಕ್ಕೇರಿಯಲ್ಲಿರುವ ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಮುಟ್ಟಿತು. ಕೂಡಲೇ ಫೋನ್ ಮಾಡಿದರು. "ಮೂವತ್ತ ವರ್ಷ ಸರಕಾರಿ ಬಸ್ಸಿನ್ಯಾಗ ಕೆಲಸ ಮಾಡೇನಿ, ಒಂದ ಅಪಘಾತ ಇಲ್ಲ. ಮನ್ಯಾಗ ಮಾಸ್ತರ ಇದ್ದಾಗ ಸ್ಕೂಲ್ ಹುಡಕೂದು ಎದಕ?"

ಮಾತು ಸರಿ ಅನಿಸಿತು. ಅವರು ಮೂವತ್ತು ವರ್ಷವೂ ಕಂಡಕ್ಟರ್ ಆಗಿದ್ದರು ಎಂಬುದು ನನಗೆ ನೆನಪಾದದ್ದು ಅವರು ಹಿಂದಿನ ಸೀಟಿನಲ್ಲಿ ಕುಳಿತು ಬಾಯಲ್ಲಿ ಸೀಟಿ ಇಟ್ಟುಕೊಂಡ ಮೇಲೆ.

ಹುಕ್ಕೇರಿಯಿಂದ ನಿಡಸೋಸಿಗೆ ಹೊರಟೆವು. ಎರಡು ಸೀಟಿ ಊದಿದರೆ ಹೊರಡಬೇಕು, ಒಂದು ಊದಿದರೆ ನಿಲ್ಲಬೇಕು. ಬಸ್ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಊದಿದರು. ಯಾಕೆ ಎಂದು ಕೇಳಿದರೆ, "ಸ್ಟಾಪ್ ಐತಲ್ಲೋ ಮಾರಾಯಾ," ಎನ್ನುತ್ತಿದ್ದರು. ಎದುರು ಬರುವ ವಾಹನ ಕಂಡರೆ ಊದುತ್ತಿರಲಿಲ್ಲ. ಅದು ಡ್ರೈವರನ ಕೆಲಸವಂತೆ. ಒಂದು ಕಡೆ ಟ್ರ್ಯಾಕ್ಟರ್ ಮೈಮೇಲೆ ಬಂದಾಗ ನಾನೇ ಕೂಗಿಕೊಂಡು ಗಾಡಿಯನ್ನು ಬದಿಗೆ ಇಳಿಸಿದೆ. ತಿರುಗಿ ನೋಡಿದರೆ ನನ್ನ ಗುರುಗಳು ಜೇಬಿನ ಚಿಲ್ಲರೆ ಎಣಿಸುತ್ತಿದ್ದರು, ಹಳೆ ರೂಢಿ.

ನಾಲ್ಕನೇ ಸ್ಟಾಪಿನಲ್ಲಿ ಚೀಲ ಹೊತ್ತ ಒಬ್ಬಳು ಮುದುಕಿ ನಿಂತಿದ್ದಳು. ನಾವು ಅವಳ ಮುಂದೆಯೇ ಹೋಗಿ ನಿಂತದ್ದರಿಂದ ಪಾಪ, ಕೇಳಿದಳು: "ನಿಡಸೋಸಿಗೆ ಹೊಂಟೀರೇನಪಾ?"

ನನ್ನ ಷಡ್ಡಕ ಅವಳ ಮುಖ ಕೂಡ ನೋಡದೆ ಹೇಳಿದರು: "ಜಾಗಾ ಇಲ್ಲಬೇ, ಹಿಂದಿನ ಗಾಡಿ ಖಾಲಿ ಬರಾಕತ್ತೈತಿ. ರೈಟ್!"

೫. ಮೊದಲ ಪಾಠ

ಕೊನೆಗೆ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ಬಯಲಿನಲ್ಲಿ, ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರೊಬ್ಬರು ಭಾನುವಾರಕ್ಕೊಮ್ಮೆ ಕಲಿಸುತ್ತಾರೆಂದು ಗೊತ್ತಾಯಿತು. ಇಷ್ಟು ಹೊತ್ತಿಗೆ ನಾನು ಸುಟ್ಟುಕೊಂಡು ಬುದ್ಧಿ ಕಲಿತಿದ್ದೆ. ಸೇರುವ ಮೊದಲೇ ಕೇಳಿದೆ: "ಮೊದಲ ಏನ ಕಲಸ್ತೀರಿ?"

"ನಿಲ್ಲಸೂದು," ಎಂದರು. "ಓಡಸೂದು ಯಾರರ ಕಲಸ್ತಾರ."

ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಲ್ಲೇ ಹೆಸರು ಬರೆಸಿದೆ. ನನ್ನ ಜೊತೆಗಿದ್ದವರೆಲ್ಲ ಎಮ್ಮೆಯಷ್ಟು ದಪ್ಪ ಗಾಡಿಯವರು, ಮೊಣಕಾಲಿಗೆ ಕವಚ ಕಟ್ಟಿದವರು. ನನ್ನದು ಹಿಂದೆ ಗೊಬ್ಬರದ ಚೀಲ ಕಟ್ಟುವ ಕ್ಯಾರಿಯರ್ ಇದ್ದ ಗಾಡಿ. ಆದರೂ ಸುಬೇದಾರರು ಭೇದ ಮಾಡಲಿಲ್ಲ, ಎಲ್ಲರನ್ನೂ ಸಮನಾಗಿ ಬೈದರು. ಎರಡೂ ಬ್ರೇಕು ಕೂಡಿಸಿ ಹಿಡಿಯುವುದು, ತಿರುವಿನ ಮೊದಲೇ ವೇಗ ಇಳಿಸುವುದು, ಹೋಗಬೇಕಾದ ಕಡೆಗೆ ಕಣ್ಣಿಡುವುದು ಎಲ್ಲ ಕಲಿತೆ. ಬಯಲಿನಲ್ಲಿ ರವದಿ ಹಾಸಿ, ನೀರು ಚಿಮುಕಿಸಿ, ಅದರ ಮೇಲೂ ಬೀಳದೆ ನಿಲ್ಲಿಸಿದೆ. ಇಪ್ಪತ್ತು ವರ್ಷ ನಾನು ಬಿದ್ದಿಲ್ಲ ಎಂದರೆ ಅದು ನನ್ನ ಜಾಣತನವಲ್ಲ, ಗಾಡಿಯ ಪುಣ್ಯ ಎಂದು ಆಗ ತಿಳಿಯಿತು. ಹೆಂಡತಿ ಅಂದದ್ದು ಸರಿ ಇತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಕೊನೆಯ ಪರೀಕ್ಷೆ ಅವರವರು ದಿನಾ ಓಡಾಡುವ ರಸ್ತೆಯಲ್ಲಿ. ಸುಬೇದಾರರು ಕೊಣ್ಣೂರಿಗೇ ಬಂದು ತಮ್ಮ ಗಾಡಿಯಲ್ಲಿ ನನ್ನನ್ನು ಹಿಂಬಾಲಿಸಿದರು. ಮೊದಲ ಹೊಲ ಮುಟ್ಟುತ್ತಲೇ ನಿಲ್ಲಿಸಿದರು.

"ಹ್ಯಾಂಡಲ್ ಬಿಟ್ಟು ಕೈ ಎಷ್ಟ ಸಲ ಎತ್ತಿದ್ರಿ, ಗೊತ್ತೈತೇನು? ಎಣಿಸಿ ಎಣಿಸಿ ನನಗ ಸಾಕಾತು. ಎದಕ?"

"ರೈತರು ನಮಸ್ಕಾರ ಮಾಡತಾರ್ರಿ ಸರ್. ನಾನೂ ಮಾಡಬೇಕಲ್ಲ?"

"ಗಾಡಿ ಓಡಸಾಕತ್ತೀರೋ, ಮೆರವಣಿಗಿ ಹೊಂಟೀರೋ? ಇನ್ನ ಮ್ಯಾಲ ಎರಡೂ ಕೈ ಹ್ಯಾಂಡಲ್ ಮ್ಯಾಲ. ಆಣಿ ಮಾಡ್ರಿ, ಆಮ್ಯಾಲ ಸರ್ಟಿಫಿಕೇಟ್."

ಗಾಡಿಯ ಪೆಟ್ರೋಲ್ ಟ್ಯಾಂಕ್ ಮುಟ್ಟಿಸಿ ಆಣೆ ಮಾಡಿಸಿಕೊಂಡರು.

೬. ಸೊಕ್ಕು

ಆಣೆ ಪಾಲಿಸಿದೆ. ರೈತರು ಕೈ ಎತ್ತಿದರು, ನಾನು ಎತ್ತಲಿಲ್ಲ. ತಲೆ ಆಡಿಸಿದರೆ ಮುಖ ಮುಚ್ಚುವ ಹೊಸ ಹೆಲ್ಮೆಟ್ಟಿನಲ್ಲಿ ಕಾಣುತ್ತಿರಲಿಲ್ಲ. ಹಾರ್ನ್ ಹೊಡೆದು ನೋಡಿದೆ. "ದಾರಿ ಬಿಡು ಅಂತ ನಮಗ ಹಾರ್ನ್ ಹೊಡೀತಾನ," ಎಂದು ಅದೊಂದು ಹೊಸ ಸಿಟ್ಟಾಯಿತು.

ನಾಲ್ಕನೇ ದಿನ ಒಬ್ಬ ಯಜಮಾನರು ರಸ್ತೆಗೆ ಅಡ್ಡವಾಗಿ ಎತ್ತುಗಳನ್ನೇ ನಿಲ್ಲಿಸಿದರು. ಮುಖ ಬಾಡಿತ್ತು. "ಸಾಹೇಬ್ರ, ನನ್ನ ಕಬ್ಬ ಈ ವರ್ಷ ಕಡಸೂದಿಲ್ಲೇನು? ಇದ್ದದ್ದ ಹೇಳಿಬಿಡ್ರಿ. ಮೂರ ದಿನದಿಂದ ನಮಸ್ಕಾರ ಮಾಡಾಕತ್ತೇನಿ, ಮಾರಿ ತಿರಿವಿ ಹೋಗಾಕತ್ತೀರಿ. ಮನ್ಯಾಗ ಯಾರೂ ಸರಿಯಾಗಿ ಉಂಡಿಲ್ಲ."

ನನಗೆ ನಾಚಿಕೆಯಾಯಿತು. ಗಾಡಿಯಿಂದಿಳಿದು, ಹೆಲ್ಮೆಟ್ ತೆಗೆದು, ಸುಬೇದಾರರ ಆಣೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿ, "ಇಷ್ಟ ಏನು? ಹಂಗಾರ ಗಾಡಿ ನಿಲ್ಲಸಿ ನಮಸ್ಕಾರ ಮಾಡ್ರಿ. ನಿಲ್ಲಸೂದ ಕಲತ ಬಂದೀರಲ್ಲ!" ಎಂದರು.

ಅದನ್ನೂ ಮಾಡಿದೆ. ಮರುದಿನ ಪ್ರತಿಯೊಬ್ಬರಿಗೂ ನಿಲ್ಲಿಸಿ ಕೈ ಮುಗಿದೆ. ನಿಲ್ಲಿಸಿದವನಿಗೆ ಚಹಾ ಕುಡಿಸದೆ ಬಿಡುವ ಊರಲ್ಲ ಇದು. ಒಂಬತ್ತಕ್ಕೆ ಮುಟ್ಟಬೇಕಾದ ಹೊಲಕ್ಕೆ ನಾನು ಮುಟ್ಟಿದಾಗ ಕಡಿಯುವ ಗ್ಯಾಂಗಿನವರು ಮಧ್ಯಾಹ್ನದ ಊಟ ಮುಗಿಸಿ ಮಲಗಿದ್ದರು.

೭. ಹಿಂದಿನ ಸೀಟು

ಇಷ್ಟೆಲ್ಲ ಒದ್ದಾಡಿದ್ದು ಯಾರಿಗಾಗಿ? ಸರ್ಟಿಫಿಕೇಟ್ ತಂದು ಹೆಂಡತಿಯ ಕೈಗೆ ಕೊಟ್ಟೆ. ಉತ್ತರಪತ್ರಿಕೆ ತಿದ್ದುವವಳಂತೆ ಮುಂದೆ ಓದಿದಳು, ಹಿಂದೆ ತಿರುಗಿಸಿ ನೋಡಿದಳು. ಮಡಚಿ ಬೀರುವಿನಲ್ಲಿಟ್ಟಳು. ಎರಡು ದಿನ ಮತ್ತೆ ಟಂಟಂ. ಮೂರನೆಯ ಬೆಳಿಗ್ಗೆ ಬುತ್ತಿ ಡಬ್ಬಿ ಹಿಡಿದು ಹೊರಗೆ ಬಂದವಳು, "ಗಾಡಿ ತಗೀರಿ," ಎಂದಳು. ಹೆಗಲ ಮೇಲೆ ಅವಳ ಕೈ ಬಿದ್ದಾಗ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ರವದಿಯ ತಿರುವು ಬಂತು. ಮೊದಲೇ ವೇಗ ಇಳಿಸಿದೆ, ಬೆಣ್ಣೆಯಂತೆ ದಾಟಿದೆ. ಅವಳು ಹೆಗಲನ್ನು ಮೆಲ್ಲಗೆ ತಟ್ಟಿದಳು. ಆಚೆ ರೈತರ ಸಾಲು. ಎಲ್ಲರೂ ಕೈ ಎತ್ತಿದರು. ನಿಲ್ಲಿಸಿದರೆ ಮತ್ತೆ ಚಹಾ, ಶಾಲೆಗೆ ತಡ. ನಾನು ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದೆ, ಇನ್ನು ಬೈಗುಳ ಬರುತ್ತವೆ ಎಂದು ಕಾದೆ. ಬರಲಿಲ್ಲ. ಎಲ್ಲರ ಮುಖವೂ ಅರಳಿತ್ತು. ಕನ್ನಡಿಯಲ್ಲಿ ನೋಡಿದರೆ, ನನ್ನ ಹೆಂಡತಿ ಹಿಂದೆ ಕುಳಿತು ಎಡಕ್ಕೊಂದು ಬಲಕ್ಕೊಂದು ಕೈ ಎತ್ತುತ್ತ, "ನಮಸ್ಕಾರ್ರಿ ಕಾಕಾ, ಅರಾಮ ಅದೀರಿ? ಮೊಮ್ಮಗಳು ಸಾಲಿಗೆ ಯಾಕ ಬಂದಿಲ್ಲ?" ಎನ್ನುತ್ತ ಬರುತ್ತಿದ್ದಳು.

ಅಂದಿನಿಂದ ಹೀಗೇ ನಡೆದಿದೆ. ಓಡಿಸುವುದು ನಾನು, ನಮಸ್ಕಾರ ಅವಳದು. ಎಲ್ಲ ಸರಿಹೋಯಿತು ಎಂದುಕೊಂಡೆ. ಹಂಗಾಮು ಮುಗಿಯುವ ಹೊತ್ತಿಗೆ ಒಂದು ಸಂಜೆ, ಎತ್ತು ಅಡ್ಡ ನಿಲ್ಲಿಸಿದ ಆ ಯಜಮಾನರು ಹತ್ತು ಜನರನ್ನು ಕಟ್ಟಿಕೊಂಡು ಮನೆಗೆ ಬಂದರು. ಕಬ್ಬಿನ ತಕರಾರು ಇರಬೇಕೆಂದು ನಾನು ಡೈರಿ ತೆಗೆದುಕೊಂಡು ಕುಳಿತೆ.

"ನೀವು ಬ್ಯಾಡ್ರಿ," ಎಂದರು. "ಅಕ್ಕಾರನ್ನ ಕರೀರಿ."

ಮುಂದಿನ ಪಂಚಾಯಿತಿ ಚುನಾವಣೆಗೆ ನನ್ನ ಹೆಂಡತಿಯನ್ನು ನಿಲ್ಲಿಸಬೇಕಂತೆ. ಇಡೀ ಊರಿನಲ್ಲಿ ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ಕೈ ಎತ್ತಿ ಮಾತಾಡಿಸುವವಳು ಅವಳೊಬ್ಬಳೇ ಅಂತೆ. ಅಂಥ ಸೊಕ್ಕಿನ ಗಂಡನ ಜೊತೆ ಹೇಗೆ ಬಾಳುವೆ ಮಾಡುತ್ತಾಳೋ ಎಂದು ಹೆಂಗಸರೆಲ್ಲ ಮರುಗುತ್ತಾರಂತೆ. ಇದನ್ನು ನನ್ನ ಮನೆಯಲ್ಲಿ, ನನ್ನ ಚಹಾ ಕುಡಿಯುತ್ತ, ನನ್ನ ಮುಂದೆಯೇ ಹೇಳಿದರು. ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು.

"ಅಲ್ರಿ ಯಜಮಾನ್ರ," ಎಂದೆ, ಸಿಟ್ಟಿನಿಂದ ಡೈರಿ ಮುಚ್ಚುತ್ತ, "ಆಕಿ ಎಲೆಕ್ಷನ್‌ಗೆ ನಿಂತ್ರ ನಾ ಏನ ಮಾಡ್ಲಿ?"

ಯಜಮಾನರು ಕಪ್ಪು ಕೆಳಗಿಟ್ಟು, ನನ್ನ ಬೆನ್ನ ಮೇಲೆ ಪ್ರೀತಿಯಿಂದ ಕೈಯಾಡಿಸಿ ಹೇಳಿದರು: "ನೀವೇನೂ ಮಾಡಬ್ಯಾಡ್ರಿ ಸಾಹೇಬ್ರ. ಎರಡೂ ಕೈ ಹ್ಯಾಂಡಲ್ ಮ್ಯಾಲ ಇರ್ಲಿ. ಒಂದ ಓಟೂ ಕಮ್ಮಿ ಆಗೂದಿಲ್ಲ."