ಜೇನು ಹತ್ತಿದ ದಾಳ

ಗುರುಸಿದ್ದನ ಕಷ್ಟಕ್ಕೆಲ್ಲ ಮೂಲ ಒಂದು ಚಮಚ ಜೇನುತುಪ್ಪ.

ಬಿಟಿಎಂ ಲೇಔಟ್‌ನಲ್ಲಿ ಅವನಿಗೆ ರೂಮು ಕೊಟ್ಟಿದ್ದ ನಾರಾಯಣಮ್ಮ ಅಂದು ಶುಕ್ರವಾರವಾದ್ದರಿಂದ ದೇವರಿಗೆ ಪಂಚಾಮೃತದ ಅಭಿಷೇಕ ಮಾಡುತ್ತಿದ್ದರು. ದೇವರ ಪಕ್ಕದಲ್ಲೇ ಗುರುಸಿದ್ದನ ದಾಳವೂ ತಣ್ಣಗೆ ಮೀಯುತ್ತಿತ್ತು.

"ಆಂಟಿ, ಅದು ಆಫೀಸಿನ ದಾಳ ರೀ!"

"ಇರ್ಲಿ ಬಿಡಪ್ಪ. ಸ್ಕೂಟರ್‌ಗೇ ಪೂಜೆ ಮಾಡ್ದೆ ಆಚೆ ತೆಗೆಯಲ್ಲ ನಾವು. ನನ್ ಮದ್ವೆ ಇದ್ರ ಮೇಲೆ ನಿಂತಿದೆ ಅಂತ ನೀನೇ ತಾನೆ ನಿನ್ನೆ ಅಂದಿದ್ದು?"

ಅಂದದ್ದು ನಿಜ. ಮರುದಿನ ವಿಲ್ಸನ್ ಗಾರ್ಡನ್ನಿನಲ್ಲಿ ಮಧುಮತಿಯನ್ನು ನೋಡುವ ಶಾಸ್ತ್ರವಿತ್ತು. ಫೋಟೋ ಬಂದಾಗಿನಿಂದ ಗುರುಸಿದ್ದನಿಗೆ ಊಟ ಸೇರುತ್ತಿರಲಿಲ್ಲ. ಆ ಶನಿವಾರ ತಪ್ಪಿದರೆ ಭಾನುವಾರಕ್ಕೆ ಹುಬ್ಬಳ್ಳಿಯ ಇನ್ನೊಬ್ಬ ವರ ತಯಾರಿದ್ದ.

ಆದರೆ ಜಯನಗರದ ಅವನ ಆಫೀಸಿನಲ್ಲಿ ಕಂಪ್ಯೂಟರುಗಳಿಗೆಲ್ಲ ವೈರಸ್ ಹತ್ತಿತ್ತು. ಶನಿವಾರ ಎಲ್ಲರೂ ಬಂದು ಅದನ್ನು ತೆಗೆಯಬೇಕು, ಒಬ್ಬರಿಗೆ ಮಾತ್ರ ರಜೆ ಎಂದು ಅಪ್ಪಣೆಯಾಯಿತು. ಯಾರಿಗೆ ಎಂದು ಗುರುವಾರ ಜಗಳ ಶುರುವಾದಾಗ ಮ್ಯಾನೇಜರ್ ಬದರಿನಾಥ್ ಸಿಂಗಾಪುರದಿಂದ ತಂದಿದ್ದ, ಬೆಂಕಿಪೊಟ್ಟಣದಷ್ಟು ಚಿಕ್ಕ ಆಟದ ಡಬ್ಬಿ ತೆರೆದು ಮರುದಿನ ಆಡಲೆಂದು ಎಲ್ಲರಿಗೂ ಒಂದೊಂದು ದಾಳ ಹಂಚಿದ್ದರು. ಆಟದ ಹೆಸರು 'ಹ್ಯಾಕ್', ಅಂದರೆ ಕಂಪ್ಯೂಟರಿಗೆ ಕನ್ನ. ಒಬ್ಬ ಹಾಕಿದ ಸಂಖ್ಯೆ ಅವನ ಕಂಪ್ಯೂಟರಿನ ಬೀಗ. ಎದುರಾಳಿ ಅದಕ್ಕಿಂತ ದೊಡ್ಡದು ಹಾಕಿದರೆ ಬೀಗ ಒಡೆದಂತೆ, ಇಲ್ಲವಾದರೆ ಕಳ್ಳ ಸಿಕ್ಕಿಬಿದ್ದಂತೆ. ಸೋತವರು ಆಟದಿಂದ ಹೊರಗೆ, ಕೊನೆಗೆ ಉಳಿದವರಿಗೆ ರಜೆ.

ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿಗಳನ್ನು ಸರಿಸಿ ಆಟ ಕೂತಿತು. ಗುರುಸಿದ್ದ ದಾಳ ಹಾಕಿದ. ಅದು ಉರುಳಲು ಹೊರಟು, ಮನಸ್ಸು ಬದಲಾಯಿಸಿ, ಪಟ್ಟನೆ ನಿಂತುಬಿಟ್ಟಿತು. ಆರು! ಮತ್ತೆ ಹಾಕಿದ, ಮತ್ತೆ ಆರು. ಬೆರಳು ಅಂಟಂಟಾದಾಗ ಅವನಿಗೆ ಗುಟ್ಟು ತಿಳಿಯಿತು. ಆರರ ಬೆನ್ನಿಗಿರುವ ಒಂದರ ಗುಳಿಯಲ್ಲಿ ಜೇನು ಕೂತಿತ್ತು. ಆ ಮೈ ಮೇಜಿಗೆ ಅಂಟಿದರೆ ಮೇಲೆ ಆರಲ್ಲದೆ ಇನ್ನೇನು ಬರಬೇಕು? ಹೇಳಿಬಿಡೋಣವೆಂದು ಬಾಯಿ ತೆರೆದ. ಮಧುಮತಿಯ ಫೋಟೋ ನೆನಪಾಯಿತು. ಬಾಯಿ ಮುಚ್ಚಿದ.

ಕಾತ್ಯಾಯಿನಿ ಸೋತಳು, ಲೆಕ್ಕ ವಿಭಾಗದ ಶಾಮಣ್ಣ ಸೋತರು. ಹೆಂಡತಿಗೆ ಮೈಸೂರಿನ ಆಸೆ ತೋರಿಸಿದ್ದ ಮುತ್ತುರಾಜ ಕೊನೆಯವನಾಗಿ ಸೋತ.

"ಗುರು, ಇದೇನ್ ದಾಳಾನಾ, ಗೋಂದಾ? ಉರುಳೋದೇ ಇಲ್ವಲ್ಲ!" ಎಂದು ಮುತ್ತುರಾಜ ರೇಗಿದ. "ಸಾರ್, ನೀವೇ ನೋಡಿ. ಇರುವೆ ಬೇರೆ ಹತ್ಕೊಂಡಿದೆ."

ಬದರಿನಾಥ್ ದಾಳವನ್ನು ಕನ್ನಡಕದ ಹತ್ತಿರ ಹಿಡಿದರು.

"ಕುಂಕುಮ ಇದೆಯಲ್ರೀ! ಪೂಜೆ ಮಾಡಿದ್ರಾ?"

"ಹೂಂ ಸಾರ್."

"ಪಂಚಾಮೃತ?"

"...ಹೂಂ ಸಾರ್."

ಬದರಿನಾಥ್ ದಾಳವನ್ನು ಕಣ್ಣಿಗೊತ್ತಿಕೊಂಡರು. "ನೋಡ್ರಪ್ಪ, ಎಲ್ಲರ ಬೀಗಾನೂ ಒಡೆದ್ರು, ಇವರದನ್ನ ಒಬ್ರೂ ಮುಟ್ಟಕ್ಕಾಗ್ಲಿಲ್ಲ. ಇದಕ್ಕೇ ದೈವಬಲ ಅನ್ನೋದು. ಒಂದು ವಾರದಿಂದ ನಮ್ಮ ಸರ್ವರ್‌ಗೆ ಬೇಕಾಗಿದ್ದೂ ಇದೇ. ಗುರುಸಿದ್ದ, ನಾಳೆ ಬೆಳಗ್ಗೆ ನೀವೇ ಬಂದು ಎಲ್ಲಾ ಕಂಪ್ಯೂಟರ್‌ಗೂ ಪೂಜೆ ಮಾಡ್ಬೇಕು. ಮಂಗಳಾರತಿ ಆದ್ಮೇಲೇ ವೈರಸ್ ಕೆಲಸ."

"ಸಾರ್, ನಾಳೆ ನನಗ ರಜೆ..."

"ರಜಾ ಮುತ್ತುರಾಜ ತಗೊಳ್ಲಿ, ಎರಡನೇ ಸ್ಥಾನ ಅವರದೇ. ದೇವರ ಕೆಲಸಕ್ಕೆ ಇಲ್ಲ ಅಂತೀರಾ?"

ಜೇನಿನ ಮೋಸ ಒಪ್ಪಿಕೊಂಡರೂ ರಜೆ ಮುತ್ತುರಾಜನಿಗೆ, ಒಪ್ಪಿಕೊಳ್ಳದಿದ್ದರೂ ಮುತ್ತುರಾಜನಿಗೆ. ಗುರುಸಿದ್ದನಿಗೆ ಅಳು ಬಂದಂತಾಯಿತು. ಮುತ್ತುರಾಜ ಮಾತ್ರ ಒಂದೇ ಸಲಕ್ಕೆ ಆಸ್ತಿಕನಾಗಿ ದಾಳಕ್ಕೆ ಕೈಮುಗಿದ.

ಸಂಜೆ ಗುರುಸಿದ್ದ ಎಸ್‌ಟಿಡಿ ಬೂತಿನಿಂದ ಮಧುಮತಿಯ ತಂದೆಗೆ ಫೋನು ಮಾಡಿದ. ಮೋಸ ಮಾಡಿ ದಕ್ಕದ ಮೇಲೆ ನಿಜವನ್ನಾದರೂ ಹೇಳೋಣ ಎನ್ನಿಸಿತ್ತು.

"ನಾಳೆ ಬರಾಕ ಆಗಂಗಿಲ್ರೀ. ಆಫೀಸ್‌ನ್ಯಾಗ ಕಂಪ್ಯೂಟರ್ ಕೆಟ್ಟಾವು. ನಾನಽ ಪೂಜಿ ಮಾಡಬೇಕಂತ."

"ಹಂಗಾದ್ರ ಬ್ಯಾಡ ಬಿಡ್ರಿ ತಮ್ಮಾ," ಎಂದರು ಅವರು ಸಮಾಧಾನವಾಗಿಯೇ. "ನಾವು ಹುಡುಕಾಕ ಹತ್ತಿದ್ದು ಕಂಪ್ಯೂಟರ್ ರಿಪೇರಿ ಮಾಡೋ ಹುಡುಗನ್ನ. ಪೂಜಿ ನಮ್ಮ ಮಧುಮತಿಗೂ ಬರ್ತೈತಿ."